ಮನೆಯ ಆರೋಗ್ಯ: ಕೇಳುವವರಾರು?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಉಪಕಾರ ಮರೆಯುವವರನ್ನು ಕುರಿತು ನಮ್ಮ ಹಿರಿಯರು ಹೇಳಿಟ್ಟಿರುವರಷ್ಟೆ. ಆದರೆ ದಾಟಿದೆವೆಂದು ತಿಳಿದುಕೊಂಡ ಮೇಲೆಯೂ ಅಂಬಿಗನನ್ನು ಬಿಟ್ಟುಕೊಡಲಾಗದ ಹೊಳೆಗಳು ಕೆಲವುಂಟು. ಸ್ತನದ ಕ್ಯಾನ್ಸರು ಅಂತಹುದು. ಆಪರೇಷನ್ನು ಆಯಿತು, ತಲೆಗೂದಲು ಉದುರಿಸುವ ಕೀಮೋ ಔಷಧವೂ ಆಯಿತು, ವಿಕಿರಣ ಚಿಕಿತ್ಸೆಯೂ ಮುಗಿಯಿತು. “ಇನ್ನು ಮೂರು ತಿಂಗಳು ಬಿಟ್ಟು ಬನ್ನಿ” ಎಂದು ಆಸ್ಪತ್ರೆಯವರು ಕಳುಹಿಸಿಕೊಟ್ಟರು. ಮನೆಯವರು ದೇವರಿಗೆ ತುಪ್ಪದ ದೀಪ ಹಚ್ಚಿ, ಗಂಡಾಂತರ ಕಳೆಯಿತೆಂದು ನೆಮ್ಮದಿಗೊಂಡರು. ನೆಂಟರಿಷ್ಟರು ಬಂದು ನೋಡಿ, ಹಣ್ಣು ಕೊಟ್ಟು ಹೋದರು. ಆ ಬಳಿಕ ಆ ಮನೆಯಾಕೆಯ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ವಿಚಾರಿಸುವವರು ಯಾರು?

ಈ ನಡುವಣ ಕಾಲದಲ್ಲಿ ಮನೆಗೂ ಆಸ್ಪತ್ರೆಗೂ ಸಂಬಂಧ ತಪ್ಪದಿರಲೆಂದು, ಅಂತರ್ಜಾಲದ ಮೂಲಕ ಫೋನಿನಲ್ಲಿ ನಡೆಯುವ ಕೆಲವು ಸಾಧನಗಳು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿವೆ. ಅವುಗಳಿಂದ ಆಗುವ ಉಪಕಾರವೆಷ್ಟು, ಆಗದಿರುವುದು ಯಾವುದು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಮೊದಲು ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುವೆನು. ಅತ್ತಿಗೆಯವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮ ಅಣ್ಣನ ಮನೆ ಇರುವುದು ತೀರ್ಥಹಳ್ಳಿಯ ಸೀಮೆಯಲ್ಲಿ. ಅತ್ತಿಗೆಯವರಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಎಡದ ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಎಲ್ಲವೂ ಮುಗಿದ ಮೇಲೆ, ದಿನಕ್ಕೊಂದರಂತೆ 5 ವರ್ಷ ಸೇವಿಸಬೇಕೆಂದು ಟ್ಯಾಮಾಕ್ಸಿಫೆನ್ ಎಂಬ ಮಾತ್ರೆಯನ್ನು ಬರೆದುಕೊಟ್ಟರು. ನಾವು ಯಾರೂ ಅಸಡ್ಡೆಯವರಲ್ಲ. ಬೆಳಗ್ಗೆ ಮಗಳು, “ಅಮ್ಮ, ಮಾತ್ರೆ ತೆಗೆದುಕೊಂಡೆಯಾ?” ಎನ್ನುವಳು. ಮಧ್ಯಾಹ್ನ ಅಣ್ಣ ತೋಟದಿಂದ ಬಂದು ಕೈಕಾಲು ತೊಳೆಯುತ್ತ ಅದನ್ನೇ ಕೇಳುವನು. ರಾತ್ರಿ ನಾನು ಮೈಸೂರಿನಿಂದ ಫೋನು ಮಾಡಿ, “ಅತ್ತಿಗೆ, ಮಾತ್ರೆ ತಪ್ಪಿಸುತ್ತಿಲ್ಲ ತಾನೆ?” ಎನ್ನುವೆನು. ಮೂವರಿಗೂ ಅವರ ಉತ್ತರ ಒಂದೇ: “ಹೂಂ.” ಮೂರು ತಿಂಗಳ ಮೇಲೆ ಬೆಂಗಳೂರಿಗೆ ಹೋದಾಗ ಡಾಕ್ಟರಿಗೂ ಅದೇ “ಹೂಂ” ದೊರೆಯಿತು. ಹಿಂದೆ ಸಾಲಿನಲ್ಲಿ ಕಾದಿದ್ದವರು ಬಹಳ ಮಂದಿ. ಡಾಕ್ಟರಾದರೂ ಹೆಚ್ಚು ಹೊತ್ತು ಮಾತನಾಡಿಸುವುದೆಂತು?

ಎರಡನೆಯ ಬಾರಿ ಹೋದಾಗ ಅಲ್ಲಿನ ನರ್ಸಮ್ಮನವರು ಫೋನಿನಲ್ಲಿ ಒಂದು ಪ್ರಶ್ನಾವಳಿಯನ್ನು ಏರ್ಪಡಿಸಿಕೊಟ್ಟರು. ಪ್ರತಿ ಭಾನುವಾರ ಸಂಜೆ ಅದು ತಾನಾಗಿ ತೆರೆದುಕೊಳ್ಳುವುದು. ಕಳೆದ ಏಳು ದಿನಗಳಲ್ಲಿ ಮೈ ಬಿಸಿಯೇರಿ ಬೆವರಿತೆ? ಇಲ್ಲ, ಸ್ವಲ್ಪ, ಸಾಧಾರಣ, ಹೆಚ್ಚು, ಬಹಳ ಹೆಚ್ಚು: ಇವುಗಳಲ್ಲಿ ಒಂದನ್ನು ಒತ್ತಿದರಾಯಿತು. ನಿದ್ದೆ ಬಂತೆ? ಕೀಲು ನೋವುಂಟೆ? ಆಪರೇಷನ್ನಾದ ಕಡೆಯ ಕೈ ಬಾತಿದೆಯೆ? ಮನಸ್ಸಿಗೆ ಬೇಸರವುಂಟೆ? ಮಾತ್ರೆ ಎಷ್ಟು ದಿನ ತಪ್ಪಿತು? ಮೊದಲನೆಯ ಭಾನುವಾರ ಮಗಳು ಅದನ್ನು ತೋರಿಸಿಕೊಟ್ಟು, ದೇವರ ದೀಪ ಹಚ್ಚಲು ಒಳಗೆ ಹೋದಳು. ಅತ್ತಿಗೆಯವರು ಜಗಲಿಯಲ್ಲಿ ಒಬ್ಬರೇ ಕುಳಿತು ಒತ್ತಿದರು. ಬಿಸಿ ಮತ್ತು ಬೆವರು: ಬಹಳ ಹೆಚ್ಚು. ನಿದ್ದೆ: ಇಲ್ಲ. ಮಾತ್ರೆ ತಪ್ಪಿದ ದಿನ: ನಾಲ್ಕು.

ಸೋಮವಾರ ಮಧ್ಯಾಹ್ನ ಆ ನರ್ಸಮ್ಮನವರು ಫೋನು ಮಾಡಿದರು. ಅವರೊಡನೆ ಆಡಿದ ಮಾತಿನಿಂದ ನಮಗೂ ವಿಷಯ ತಿಳಿಯಿತು. ರಾತ್ರಿಯೆಲ್ಲ ಒಲೆಯ ಮುಂದೆ ನಿಂತಂತೆ ಮೈ ಕಾಯುವುದು, ಸೀರೆ ತೊಯ್ದುಹೋಗುವುದು, ಉಳಿದವರ ನಿದ್ದೆ ಕೆಡಬಾರದೆಂದು ಅವರು ಎದ್ದು ಜಗಲಿಯಲ್ಲಿ ಕೂರುವುದು. ಹೀಗೆ ತಿಂಗಳುಗಟ್ಟಲೆ ನಡೆದಿತ್ತು. ತಾಳಲಾರದ ದಿನಗಳಲ್ಲಿ ಮಾತ್ರೆಯನ್ನು ನುಂಗದೆ ಸೀರೆಯ ಟ್ರಂಕಿನಲ್ಲಿ ಹಾಕಿಬಿಡುತ್ತಿದ್ದರು. ನಮಗೇಕೆ ಹೇಳಲಿಲ್ಲವೆಂದರೆ, “ಬದುಕಿ ಬಂದದ್ದೇ ಹೆಚ್ಚು. ಇಷ್ಟೆಲ್ಲ ಖರ್ಚು ಮಾಡಿಸಿದ ಮೇಲೆ ಸೆಕೆಯಾಗುತ್ತದೆಂದು ಗೋಳಾಡಲೇನಮ್ಮ?” ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಎರಡರ್ಥಗಳುಂಟು. ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಾವು ಮೂವರೂ ಮೊದಲನೆಯ ಅರ್ಥದಲ್ಲಿ ದಿನಕ್ಕೆ ಮೂರು ಬಾರಿ ಕೇಳಿದೆವು. ಮಾತ್ರೆ ತೆಗೆದುಕೊಂಡೆಯಾ ಎಂದೆವೇ ಹೊರತು, ತೆಗೆದುಕೊಂಡ ಮೇಲೆ ನಿನಗೆ ಏನಾಗುತ್ತದೆ ಎನ್ನಲಿಲ್ಲ. ಎರಡನೆಯ ಅರ್ಥದಲ್ಲಿ ಕೇಳಿದವರು ಆ ನರ್ಸಮ್ಮನವರೊಬ್ಬರೇ.

ಮಾತ್ರೆ ತಪ್ಪಿದರೆ ಏನು ಮಹಾ ಎನ್ನಬಾರದು. ಹಾರ್ಮೋನಿನ ಬಲದಿಂದ ಬೆಳೆಯುವ ಜಾತಿಯ ಸ್ತನ ಕ್ಯಾನ್ಸರಿನಲ್ಲಿ, ಸುಮಾರು 5 ವರ್ಷ ಟ್ಯಾಮಾಕ್ಸಿಫೆನ್ ಸೇವಿಸಿದವರಿಗೆ, ಮೊದಲ 15 ವರ್ಷಗಳಲ್ಲಿ ಆ ರೋಗದಿಂದ ಸಾಯುವ ಸಂಭವವು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಳಿಯುವುದೆಂದು, ಅನೇಕ ಪರೀಕ್ಷೆಗಳ ಫಲವನ್ನು ಕೂಡಿಸಿ ನೋಡಿದ ಪಂಡಿತರು 2011ರಲ್ಲಿ ಪ್ರಕಟಿಸಿದರು. ಇಷ್ಟು ಬೆಲೆಯುಳ್ಳ ಮಾತ್ರೆಯನ್ನು ನಡುವೆ ಬಿಡುವವರು ನಮ್ಮ ಅತ್ತಿಗೆಯವರೊಬ್ಬರೇ ಅಲ್ಲ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯದಲ್ಲಿ ಇಂತಹ ಮಾತ್ರೆಗಳನ್ನು ಸೇವಿಸಬೇಕಾಗಿದ್ದ 8,769 ಸ್ತ್ರೀಯರ ಔಷಧದ ಲೆಕ್ಕವನ್ನು ಪರಿಶೀಲಿಸಿ 2010ರಲ್ಲಿ ಒಂದು ವರದಿಯನ್ನು ಹೊರಡಿಸಿದರು. ಹೇಳಿದ ಅವಧಿಯ ತನಕ ಕ್ರಮವಾಗಿ ಸೇವಿಸಿದವರು ನೂರಕ್ಕೆ 49 ಮಂದಿ ಮಾತ್ರ. ಓದುಬರಹ, ಔಷಧದ ಅನುಕೂಲ ಎಲ್ಲವೂ ಇರುವ ದೇಶದಲ್ಲಿಯೂ ಹೀಗಾದರೆ, ನಮ್ಮಲ್ಲಿ ಹೇಳತಕ್ಕುದೇನಿದೆ?

ಹಾಗಾದರೆ, ಮಾತ್ರೆಯ ಹೊತ್ತನ್ನು ಜ್ಞಾಪಿಸುವ ಯಂತ್ರವೊಂದಿದ್ದರೆ ಸಾಲದೆ ಎಂದು ಯಾರಾದರೂ ಕೇಳಿಯಾರು. ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಇದೇ ಬಗೆಯ ಮಾತ್ರೆ ಸೇವಿಸುತ್ತಿದ್ದ 724 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಫೋನಿಗೆ ವಾರಕ್ಕೆರಡು ಬಾರಿ ಸಂದೇಶ ಕಳುಹಿಸುತ್ತ, ಮೂರು ವರ್ಷದ ತನಕ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂದೇಶ ಬಂದವರೂ ಬಾರದವರೂ ಮಾತ್ರೆ ತಪ್ಪಿಸಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವೇನು? ಅತ್ತಿಗೆಯವರು ಮಾತ್ರೆಯನ್ನು ಮರೆತಿರಲಿಲ್ಲ. ಮರೆತವರಿಗೆ ಜ್ಞಾಪನ ಬೇಕು. ನೊಂದವರಿಗೆ ಬೇಕಾದುದು ಬೇರೆ.

ಇನ್ನೊಂದು ಪರೀಕ್ಷೆ ನ್ಯೂಯಾರ್ಕ್ ನಗರದ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಎಂಬ ಹೆಸರಾದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಡೆಯಿತು. ಡಾಕ್ಟರ್ ಈಥನ್ ಬಾಷ್ ಎಂಬವರು ಅದನ್ನು ನಡೆಸಿದವರು. ರೋಗಿಗಳು 766 ಮಂದಿ. ಅವರಲ್ಲಿ ಒಂದು ಗುಂಪಿನವರು ವಾಂತಿ, ನೋವು, ಆಯಾಸ, ಉಸಿರಾಟದ ಕಷ್ಟ ಮೊದಲಾದ 12 ಲಕ್ಷಣಗಳನ್ನು ಗಣಕಯಂತ್ರದಲ್ಲಿ ತಾವೇ ಗುರುತು ಹಾಕುವರು. ಯಾವುದಾದರೊಂದು ವಿಪರೀತಕ್ಕೆ ಹೋದರೆ ಕೂಡಲೆ ನರ್ಸಿಗೆ ಸೂಚನೆ ಹೋಗುವುದು. ಇನ್ನೊಂದು ಗುಂಪಿನವರು ವಾಡಿಕೆಯಂತೆ ಡಾಕ್ಟರನ್ನು ಕಂಡಾಗ ಹೇಳಿಕೊಳ್ಳುವರು. ಗುರುತು ಹಾಕಿದವರಲ್ಲಿ ತುರ್ತು ಚಿಕಿತ್ಸೆಗೆ ಓಡಬೇಕಾಗಿ ಬಂದವರು ನೂರಕ್ಕೆ 34 ಮಂದಿ. ವಾಡಿಕೆಯ ಗುಂಪಿನಲ್ಲಿ 41. ಅದಕ್ಕಿಂತ ದೊಡ್ಡ ಮಾತು 2017ರಲ್ಲಿ ಹೊರಬಿತ್ತು. ಗುರುತು ಹಾಕಿದವರ ಆಯುಸ್ಸಿನ ನಡುವಣ ಲೆಕ್ಕ 31.2 ತಿಂಗಳು, ಉಳಿದವರದು 26 ತಿಂಗಳು. ಹೊಸ ಔಷಧವಿಲ್ಲ, ಹೊಸ ಶಸ್ತ್ರವಿಲ್ಲ. ಕೇಳಿದ್ದರಿಂದಲೇ ಐದು ತಿಂಗಳು ಹೆಚ್ಚು.

ಇಲ್ಲಿ ಎರಡು ಸಂಗತಿಗಳನ್ನು ಮರೆಮಾಡದೆ ಹೇಳಬೇಕು. ಆ ರೋಗಿಗಳೆಲ್ಲರೂ ರೋಗವು ಮೈಯಲ್ಲಿ ಹರಡಿ ಔಷಧ ಪಡೆಯುತ್ತಿದ್ದವರು. ಸ್ತನ ಕ್ಯಾನ್ಸರಿನವರು ಅವರಲ್ಲಿ ಒಂದು ಪಾಲು. ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೂ ಅಷ್ಟೇ ಲಾಭವೆಂದು ಅದರಿಂದ ಹೇಳಲು ಬಾರದು. ಎರಡನೆಯದು, ಆ ಸೂಚನೆಗಳು ಯಂತ್ರದಲ್ಲಿಯೇ ಕೊಳೆಯಲಿಲ್ಲ. ನೂರು ಸೂಚನೆಗಳು ಬಂದರೆ 77ಕ್ಕೆ ನರ್ಸುಗಳು ಏನಾದರೊಂದು ಕ್ರಮ ಕೈಕೊಂಡರು: ಫೋನು ಮಾಡಿ ಸಲಹೆ ಕೊಟ್ಟರು, ಔಷಧ ಬದಲಿಸಲು ಡಾಕ್ಟರಿಗೆ ತಿಳಿಸಿದರು, ಬೇಕಾದವರನ್ನು ಕರೆಸಿಕೊಂಡರು. ಯಂತ್ರವು ಪ್ರಶ್ನೆ ಮಾಡಿತು, ಮನುಷ್ಯರು ಕಿವಿಗೊಟ್ಟರು. ಎರಡೂ ಸೇರಿದಾಗಲೇ ಕೇಳುವುದು ಪೂರ್ತಿಯಾದುದು. ಗಣಕಯಂತ್ರದ ಬಳಕೆಯೇ ಇಲ್ಲದವರಿಗೆ ಈ ಏರ್ಪಾಟಿನಿಂದ ಆದ ಉಪಕಾರವು ಬಳಕೆಯುಳ್ಳವರಿಗಿಂತ ಹೆಚ್ಚಾಗಿತ್ತೆಂಬುದನ್ನೂ ಅದೇ ವರದಿಯಲ್ಲಿ ಕಾಣಬಹುದು. “ಇದೆಲ್ಲ ಓದಿದವರಿಗೆ, ನಮ್ಮ ಹಳ್ಳಿಯ ಹೆಂಗಸರಿಗಲ್ಲ” ಎನ್ನುವವರು ಇದನ್ನು ಗಮನಿಸಬೇಕು.

ಮನುಷ್ಯರಾರೂ ಇಲ್ಲದೆ ಯಂತ್ರವೇ ಎಲ್ಲವನ್ನೂ ಮಾಡಿದರೆ? ನೆದರ್ಲೆಂಡ್ಸಿನಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಯನ್ನು ಆಗತಾನೆ ಮುಗಿಸಿದ 150 ಸ್ತ್ರೀಯರಲ್ಲಿ ಅದನ್ನೂ ನೋಡಿದರು. ಮನಸ್ಸಿನ ದುಗುಡವನ್ನು ತಾವೇ ನಿಭಾಯಿಸಿಕೊಳ್ಳುವಂತೆ 16 ವಾರಗಳ ಪಾಠವೊಂದನ್ನು ಅಂತರ್ಜಾಲದಲ್ಲಿ ಅಣಿಮಾಡಿದ್ದರು. 2015ರ ವರದಿಯಂತೆ, ಪಾಠ ಮುಗಿದ ಹೊಸದರಲ್ಲಿ ಅವರ ದುಗುಡ ಇಳಿಯಿತು. ಆದರೆ ಆ ಲಾಭವು ಬಹುಕಾಲ ನಿಲ್ಲಲಿಲ್ಲ. ಪುಸ್ತಕವನ್ನು ಓದಿದಂತೆ ಇದೂ ಒಳ್ಳೆಯದೇ. ಆದರೆ ಅದನ್ನೇ ನೆಚ್ಚಿ ಮನೆಯವರು ಕೈತೊಳೆದುಕೊಳ್ಳಬಾರದು.

ಇನ್ನು, ಆಸ್ಪತ್ರೆಗೆ ಮರಳಿ ಹೋಗುವ ಕ್ರಮವನ್ನು ಕುರಿತು ಎರಡು ಮಾತು. 2015ರಲ್ಲಿ ಅಮೆರಿಕದ ಎರಡು ಕ್ಯಾನ್ಸರ್ ಸಂಸ್ಥೆಗಳು ಸೇರಿ ಹೊರಡಿಸಿದ ಮಾರ್ಗಸೂಚಿಯಂತೆ, ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಡಾಕ್ಟರನ್ನು ಕಾಣಬೇಕು. ಉಳಿದಿರುವ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಎಂಬ ಎಕ್ಸರೇ ತೆಗೆಸಬೇಕು. ನಮ್ಮ ಮನೆಗಳಲ್ಲಿ ಹಣವುಳ್ಳವರು, “ಇಡೀ ಮೈಯನ್ನು ಸ್ಕ್ಯಾನು ಮಾಡಿಸಿಬಿಡೋಣ, ಮನಸ್ಸಿಗೆ ಸಮಾಧಾನ” ಎನ್ನುವುದುಂಟು. ಇಟಲಿಯಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶಗಳು 1994ರಲ್ಲಿ ಪ್ರಕಟವಾದುವು. ಯಾವ ಲಕ್ಷಣವೂ ಇಲ್ಲದಿರುವಾಗ ಮೂಳೆಯ ಸ್ಕ್ಯಾನು, ಎದೆಯ ಎಕ್ಸರೇ ಎಂದು ಮೇಲಿಂದ ಮೇಲೆ ಮಾಡಿಸಿದವರು ಹಾಗೆ ಮಾಡಿಸದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಲಕ್ಷಣವು ಕಂಡಾಗ ಅದನ್ನು ಅಡಗಿಸಿಡದೆ ಹೇಳುವುದೂ, ಹೇಳಿದಾಗ ತಕ್ಕ ಪರೀಕ್ಷೆ ಮಾಡಿಸುವುದೂ ಮುಖ್ಯ. ಸ್ಕ್ಯಾನಿಗೆ ಸುರಿಯುವ ಹಣಕ್ಕಿಂತ ಭಾನುವಾರದ ಆ ಹತ್ತು ನಿಮಿಷಗಳು ಮೇಲು ಎಂದು ನಾನು ಹೇಳುವುದು ಇದರಿಂದಲೇ.

ನಿಮ್ಮ ಆಸ್ಪತ್ರೆಯಲ್ಲಿ ಇಂತಹ ಸಾಧನವೊಂದನ್ನು ಕೊಡುವುದಾದರೆ, ಅದನ್ನು ಒಪ್ಪಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಮೊದಲನೆಯದು: ನಾವು ಬರೆದುದನ್ನು ಓದುವವರು ಯಾರು? ಓದುವವರಿಲ್ಲದ ಪ್ರಶ್ನಾವಳಿಯು ವಿಳಾಸವಿಲ್ಲದ ಕಾಗದದಂತೆ. ಎರಡನೆಯದು: ಉತ್ತರ ಎಷ್ಟು ದಿನದೊಳಗೆ ಬರುವುದು, ರಜಾದಿನಗಳಲ್ಲಿ ಗತಿಯೇನು? ಮೂರನೆಯದು: ಪ್ರಶ್ನೆಗಳು ಕನ್ನಡದಲ್ಲಿವೆಯೆ? ಇಂಗ್ಲಿಷಿನಲ್ಲಿದ್ದರೆ ಮಗನೋ ಅಳಿಯನೋ ಓದಿ ಹೇಳಬೇಕಾಗುವುದು. ಆಗ ಯಾವ ತಾಯಿ ತಾನೆ ಗುಪ್ತಾಂಗದ ಒಣಗುವಿಕೆಯನ್ನೋ ದಾಂಪತ್ಯದ ತೊಡಕನ್ನೋ ಬಾಯಿ ಬಿಟ್ಟು ಹೇಳಿಯಾಳು? ನಾಲ್ಕನೆಯದು ಆಸ್ಪತ್ರೆಯವರನ್ನಲ್ಲ, ನಮ್ಮನ್ನೇ ಕೇಳಿಕೊಳ್ಳಬೇಕಾದುದು: ಫೋನು ಯಾರದು? ಮನೆಗೆಲ್ಲ ಒಂದೇ ಫೋನಾದರೆ, ಆ ಹತ್ತು ನಿಮಿಷವಾದರೂ ಅದು ಆಕೆಯ ಕೈಯಲ್ಲಿರಲಿ. ಬರೆದುದನ್ನು ಇತರರು ತೆರೆದು ನೋಡದಿರಲಿ.

ದೂರದ ಊರುಗಳಲ್ಲಿರುವವರಿಗೆ ಇನ್ನೊಂದು ಅನುಕೂಲವುಂಟು. ಫೋನಿನ ಮೂಲಕ, ವಿಡಿಯೋದ ಮೂಲಕ ಡಾಕ್ಟರು ಸಲಹೆ ಕೊಡುವುದಕ್ಕೆ ಸರಕಾರವು 2020ರ ಮಾರ್ಚಿಯಲ್ಲಿ ನಿಯಮಗಳನ್ನು ಗೊತ್ತುಮಾಡಿತು. 2019ರಲ್ಲಿ ಮೊದಲಾದ ಕೇಂದ್ರ ಸರಕಾರದ ಇ-ಸಂಜೀವನಿ ಎಂಬ ಏರ್ಪಾಟಿನಲ್ಲಿ ಮನೆಯಲ್ಲಿಯೇ ಕುಳಿತು ಹಣವಿಲ್ಲದೆ ಡಾಕ್ಟರೊಡನೆ ಮಾತನಾಡಬಹುದು. ಆದರೆ ಅಲ್ಲಿ ಸಿಕ್ಕುವ ಡಾಕ್ಟರಿಗೆ ನಿಮ್ಮ ಮನೆಯಾಕೆಯ ಚಿಕಿತ್ಸೆಯ ಪೂರ್ವಕಥೆ ತಿಳಿದಿರುವುದಿಲ್ಲವಷ್ಟೆ. ಆದುದರಿಂದ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಸಿ ಇಟ್ಟುಕೊಳ್ಳಿರಿ: ರೋಗದ ಜಾತಿ ಮತ್ತು ಹಂತ, ಆಪರೇಷನ್ನಿನ ದಿನ, ಕೊಟ್ಟ ಕೀಮೋ ಔಷಧಗಳ ಹೆಸರು, ವಿಕಿರಣವು ಯಾವ ಕಡೆಗೆ ಆಯಿತು, ಈಗಿನ ಮಾತ್ರೆ ಯಾವುದು, ಅದು ಎಂದು ಮೊದಲಾಗಿ ಎಂದು ಮುಗಿಯಬೇಕು. ಬಿಟ್ಟುಹೋಗುವಾಗ ಆಸ್ಪತ್ರೆಯವರನ್ನೇ ಕೇಳಿದರೆ ಬರೆದುಕೊಡುವರು. ಅದರ ಒಂದು ಚಿತ್ರ ಫೋನಿನಲ್ಲಿರಲಿ, ಇನ್ನೊಂದು ಪ್ರತಿ ಮನೆಯ ಬೀರುವಿನಲ್ಲಿರಲಿ.

ಫೋನಿನಲ್ಲಿ ಗುರುತು ಹಾಕಿ ಉತ್ತರಕ್ಕೆ ಕಾಯಬಾರದ ಲಕ್ಷಣಗಳೂ ಕೆಲವುಂಟು. ಮೀನಖಂಡವು ಒಂದೇ ಕಡೆ ಬಾತು ನೋಯುವುದು, ಏಕಾಏಕಿ ಎದೆನೋವು ಅಥವಾ ಉಸಿರು ಕಟ್ಟುವುದು ಕಂಡರೆ ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಟ್ಯಾಮಾಕ್ಸಿಫೆನ್ ಸೇವಿಸುವವರಲ್ಲಿ ಅಪರೂಪವಾಗಿ ರಕ್ತವು ನಾಳದಲ್ಲಿ ಹೆಪ್ಪುಗಟ್ಟುವುದುಂಟು. ಆಪರೇಷನ್ನಾದ ಕಡೆಯ ಕೈ ಕೆಂಪಾಗಿ ಕಾದು ಜ್ವರ ಬಂದರೆ ಅಂದೇ ತೋರಿಸಬೇಕು. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವವಾದರೆ, ಹೊಸ ಗಂಟು ಸಿಕ್ಕಿದರೆ, ಮೂಳೆಯ ನೋವು, ಕೆಮ್ಮು, ವಾಂತಿಯೊಡನೆ ಬರುವ ತಲೆನೋವು ಬಿಡದೆ ಕಾಡಿದರೆ, ಮುಂದಿನ ತಾರೀಖಿನ ತನಕ ಕಾಯದೆ ಡಾಕ್ಟರನ್ನು ಕಾಣಬೇಕು. ಇವೆಲ್ಲವೂ ರೋಗ ಮರಳಿದುದರ ಗುರುತೇ ಎಂದು ಹೆದರಬೇಕಾಗಿಲ್ಲ. ಆದರೆ ಅಲ್ಲವೆಂದು ನಿಶ್ಚಯಿಸುವವರು ಡಾಕ್ಟರೇ ಹೊರತು ನಾವಲ್ಲ.

ಕೈ ಬಾವಿನ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಸುಲಭವಾದ ಉಪಾಯವುಂಟು. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಕಡೆಯ ಕೈ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿಧಾನವಾಗಿ ಊದಬಹುದು. ಬಳೆ ಬಿಗಿಯಾಯಿತೆ, ರವಿಕೆಯ ಒಂದು ತೋಳು ಮಾತ್ರ ಹಿಡಿಯುವುದೆ ಎಂದು ನೋಡಿಕೊಳ್ಳಿರಿ. ದರ್ಜಿಯ ಅಳತೆಪಟ್ಟಿಯಿಂದ ವಾರಕ್ಕೊಮ್ಮೆ ಎರಡು ಕೈಗಳನ್ನೂ ಒಂದೇ ಜಾಗದಲ್ಲಿ ಅಳೆದು ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ತಿಳಿಯುವುದು. ಬೇಗ ತಿಳಿದ ಬಾವನ್ನು ಹತೋಟಿಯಲ್ಲಿಡುವುದು ಸುಲಭ.

ಅತ್ತಿಗೆಯವರ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುವೆನು. ನರ್ಸಮ್ಮನವರು ತಿಳಿಸಿದ ಮರುದಿನವೇ ಡಾಕ್ಟರು ವಿಡಿಯೋದಲ್ಲಿ ಮಾತನಾಡಿ, ಈ ಬಿಸಿಯು ಮಾತ್ರೆಯ ಗುಣವೆಂದೂ ಸಾವಿರಾರು ಮಂದಿಗೆ ಹೀಗಾಗುವುದೆಂದೂ ತಿಳಿಯ ಹೇಳಿ, ಅದನ್ನು ತಗ್ಗಿಸಲು ಬೇರೊಂದು ಔಷಧ ಕೊಟ್ಟರು. ನಿದ್ದೆಗೋ ಬೇಸರಕ್ಕೋ ಎಂದು ಅಂಗಡಿಯಿಂದ ತಾವಾಗಿ ಮಾತ್ರೆ ತಂದು ನುಂಗಕೂಡದು, ಅವುಗಳಲ್ಲಿ ಕೆಲವು ಟ್ಯಾಮಾಕ್ಸಿಫೆನ್ನಿನ ಶಕ್ತಿಯನ್ನು ಕುಂದಿಸುತ್ತವೆ ಎಂದೂ ಎಚ್ಚರಿಸಿದರು. ಬಿಸಿ ಪೂರ್ತಿಯಾಗಿ ಹೋಗಲಿಲ್ಲ. ಆದರೆ ತಾಳುವಷ್ಟಕ್ಕೆ ಇಳಿಯಿತು. ಟ್ರಂಕಿನಲ್ಲಿದ್ದ ಮಾತ್ರೆಗಳನ್ನು ಅವರೇ ತೆಗೆದು ಮಗಳ ಕೈಗೆ ಕೊಟ್ಟರು. ಈಗ ಮೂರನೆಯ ವರ್ಷ ನಡೆಯುತ್ತಿದೆ. ವಾರಕ್ಕೊಂದು ದಿನವೂ ಮಾತ್ರೆ ತಪ್ಪುತ್ತಿಲ್ಲ.

ಮಗಳು ಈಗ, “ಮಾತ್ರೆ ತೆಗೆದುಕೊಂಡೆಯಾ?” ಎನ್ನುವುದಿಲ್ಲ. “ರಾತ್ರಿ ಹೇಗಿತ್ತಮ್ಮ?” ಎನ್ನುವಳು. ಆ ಪ್ರಶ್ನೆಗೆ “ಹೂಂ” ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಎರಡು ಮಾತು ಆಡಲೇಬೇಕು. ಯಾವ ಸಾಧನವೂ ಸಿಕ್ಕದ ಊರಿನಲ್ಲಿರುವ ವಾಚಕರು ಒಂದು ನೋಟುಪುಸ್ತಕವನ್ನು ತಂದು, ಮೇಲೆ ಹೇಳಿದ ಪ್ರಶ್ನೆಗಳನ್ನು ಮೊದಲನೆಯ ಪುಟದಲ್ಲಿ ಬರೆದು, ವಾರವಾರವೂ ಉತ್ತರ ಗುರುತು ಮಾಡಿಕೊಂಡು ಡಾಕ್ಟರಿಗೆ ತೋರಿಸಿದರೆ ಅಷ್ಟೇ ಕೆಲಸವಾಗುವುದು. ಚಿಕಿತ್ಸೆ ಮುಗಿಸಿ ಬಂದವರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ, ಬರುವ ಭಾನುವಾರ ಸ್ವಲ್ಪ ಹೊತ್ತು ಅವರ ಬಳಿ ಕುಳಿತುಕೊಳ್ಳಿರಿ. ಹೇಗಿದ್ದೀರಿ ಎಂದು ಕೇಳಿ ಎದ್ದುಬಿಡದೆ, ಉತ್ತರ ಮುಗಿಯುವ ತನಕ ಇರಿ.